ತಾಯಿಯ ಸಹಿ ಸಾಲದೆ?

ಮಾದಾಪುರದ ನಮ್ಮ ಓಣಿಯಲ್ಲಿರುವ ಬೀದರ್ ಕಡೆಯ ಹೆಣ್ಣುಮಗಳು ಕಾಗದದ ಕಟ್ಟು ಹಿಡಿದು ಬಂದಿದ್ದರು. ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಈಗ ವಿಮಾ ಕಂಪನಿ ರಾಜಿಗೆ ಬಂದಿದೆ. ಆಕೆಯ ಪಾಲಿಗೆ ಆಕೆಯ ಸಹಿ ಸಾಕು. ಮಗ ಮೈನರ್, ಹದಿನೆಂಟು ತುಂಬಿಲ್ಲ; ಅವನ ಪಾಲಿಗೆ ನ್ಯಾಯಾಧೀಶರ ಒಪ್ಪಿಗೆಯೂ ಬೇಕು. “ನಾ ಹಡ್ದಾಕಿ ಅಲ್ಲೇನ್ರೀ ಅಣ್ಣಾರೆ? ನನ್ನ ಸಹಿ ಸಾಲಲ್ಲ ಅಂದ್ರ ಮತ್ತ್ಯಾರ್ದು ಬೇಕು ಇವ್ರಿಗಿ?” ಉತ್ತರ ತೋಚಲಿಲ್ಲ.

*

ಇದರ ಬೇರು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ: 32ನೇ ಆದೇಶ, 7ನೇ ನಿಯಮ. ಮೈನರ್ ಪರ ದಾವೆ ನಡೆಸುವವರು ಹೆತ್ತವರೇ ಆಗಿರಲಿ, ನ್ಯಾಯಾಲಯದ ಅನುಮತಿಯಿಲ್ಲದೆ ರಾಜಿಯಾಗುವಂತಿಲ್ಲ; ಅನುಮತಿ ಕಡತದಲ್ಲಿ ಸ್ಪಷ್ಟವಾಗಿ ದಾಖಲಾಗಬೇಕು. 1976ರ ತಿದ್ದುಪಡಿಯಾದ ಮೇಲೆ, ರಾಜಿಯಿಂದ ಮಗುವಿಗೆ ಒಳಿತೆಂದು ಪೋಷಕರು ಅಫಿಡವಿಟ್ ಕೊಡಬೇಕು, ವಕೀಲರಿದ್ದರೆ ಅವರೂ ದೃಢೀಕರಿಸಬೇಕು. ಅಷ್ಟಾದ ಮೇಲೂ ನ್ಯಾಯಾಧೀಶರು ತಾವೇ ಪರಿಶೀಲಿಸಬಹುದು.

ತಾಯಿಯ ಮೇಲೆ ಅಪನಂಬಿಕೆಯೇ? ಅಲ್ಲ ಅನ್ನಿಸುತ್ತದೆ. ಬಾಡಿಗೆ ಬಾಕಿಯಿದ್ದು, ಸಾಲಗಾರರು ಬಾಗಿಲಲ್ಲಿ ನಿಂತಿರುವಾಗ ಯಾರಾದರೂ ಚೆಕ್ ಮುಂದೆ ಹಿಡಿದರೆ, ಸಿಕ್ಕಿದ್ದೇ ಸಾಕು ಅನ್ನಿಸದೆ ಇದ್ದೀತೆ?

*

ಅನುಮತಿಯಿಲ್ಲದ ರಾಜಿಯನ್ನು ಮೈನರ್ ಮುರಿಯಬಹುದು, ಎದುರು ಪಕ್ಷ ಮುರಿಯುವಂತಿಲ್ಲ. ಈ ಏಕಮುಖ ಬಾಗಿಲು ನನಗೆ ಇಷ್ಟವಾಯಿತು.

*

ಮೈನರ್ ಮುರಿಯಬಹುದಾದ ವ್ಯವಹಾರ ಎಂದಾಗ ಇನ್ನೊಂದು ಪ್ರಕರಣ ನೆನಪಾಗುತ್ತದೆ; ದಾವಣಗೆರೆಯ ಶಾಮನೂರಿನ ಅದು ರಾಜಿಯ ವ್ಯಾಜ್ಯವಲ್ಲ, ಮಾರಾಟದ್ದು. 1971ರಲ್ಲಿ ಮೈನರ್ ಮಕ್ಕಳ ಹೆಸರಲ್ಲಿ ಕೊಂಡ ನಿವೇಶನಗಳನ್ನು ಅಪ್ಪ ಕೋರ್ಟಿನ ಅನುಮತಿಯಿಲ್ಲದೆ ಮಾರಿದ್ದರು. ದೊಡ್ಡವರಾದ ಮಕ್ಕಳು ಅವನ್ನೇ ಬೇರೆಯವರಿಗೆ ಮಾರಿದರು. ಅಪ್ಪ ಬರೆದುಕೊಟ್ಟ ಕ್ರಯಪತ್ರವನ್ನು ತಿರಸ್ಕರಿಸಲು ಬೇರೆ ದಾವೆ ಹೂಡಲೇಬೇಕೆಂದಿಲ್ಲ, ನಡೆಯಿಂದಲೇ ತೋರಿಸಬಹುದು ಎಂದು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಪ್ಪನನ್ನು ನಂಬಿ ದುಡ್ಡು ಕೊಟ್ಟವರ ಗತಿ? ಇದು ಮನಸ್ಸಿನಿಂದ ಹೋಗುತ್ತಿಲ್ಲ.

*

ಬಗೆಹರಿಯದ್ದು ಇನ್ನೊಂದು. ಇಂಥ ರಾಜಿಗಳನ್ನು ಮುಗಿಸುವ ಲೋಕ ಅದಾಲತ್ ದಿನ ನ್ಯಾಯಾಧೀಶರ ಮುಂದೆ ಕಡತದ ಮೇಲೆ ಕಡತ ಬರುತ್ತದೆ. ಆ ಅವಸರದಲ್ಲಿ ಮಗುವಿನ ‘ಒಳಿತು’ ಅಳೆಯುವುದು ಹೇಗೆ? ಸತ್ತವರ ವಯಸ್ಸು, ಸಂಬಳ ನೋಡಿ, ಈ ಮೊತ್ತ ಏಕೆ ನ್ಯಾಯವೆಂದು ಎರಡು ಸಾಲಾದರೂ ಬರೆಯಲೇಬೇಕು. ಬರೀ ‘ಅನುಮತಿಸಿದೆ’ ಎಂದರೆ ಆ ಹುಡುಗನಿಗೆ ಮುಂದೆ ಏನು ಅರ್ಥವಾದೀತು?

*

ಅಪಘಾತ ಪರಿಹಾರದಲ್ಲಿ ಮೈನರ್ ಪಾಲನ್ನು ಹದಿನೆಂಟು ತುಂಬುವವರೆಗಾದರೂ ಠೇವಣಿ ಇಡಬೇಕೆಂದು 1993ರಲ್ಲೇ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿದೆ; ಮಗುವಿಗಾಗುವ ಖರ್ಚಿಗೆ ಪೋಷಕರು ಕೇಳಿ ಪಡೆಯಬಹುದು. ಹಾಗಾಗಿ ಆಕೆಗೆ ಹೇಳಿದೆ: ಶಾಲೆಯ ಫೀಸಿನ ರಸೀದಿ, ಆಸ್ಪತ್ರೆಯ ಬಿಲ್ಲು ಒಂದನ್ನೂ ಬಿಸಾಡಬೇಡಮ್ಮ. ಬಡ್ಡಿ ತಿಂಗಳು ತಿಂಗಳು ಕೈಗೆ ಸಿಗುವಂತೆ ಆದೇಶದಲ್ಲೇ ಬರೆಸಿಕೊಡಿ ಅಂತ ವಕೀಲರನ್ನು ಈಗಲೇ ಕೇಳು.