ಬಾದಾಮಿ ಬಂಡೆ: ಹಗ್ಗದ ಆ ತುದಿಯಲ್ಲಿ ಯಾರು?

ಬಾದಾಮಿ ಅಂದ್ರೆ ನಮಗೆ ನೆನಪಾಗೋದು 578ರ ಶಾಸನವಿರುವ ಮೂರನೇ ಗುಹೆ, ಅಗಸ್ತ್ಯತೀರ್ಥ, ಬನಶಂಕರಿ. ಬಂಡೆ ಹತ್ತುವವರಿಗೆ ಮಾತ್ರ ನೆನಪಾಗೋದು ಊರಿನ ಕೆಂಪು ಮರಳುಗಲ್ಲು. ನೆಟ್ಟಗೆ ನಿಂತ ಗೋಡೆ, ಅದರ ತುಂಬ ಅಡ್ಡಡ್ಡ ಪದರಗಳು. ಬೆರಳಿಗೆ ಅಂಚು, ಕಾಲಿಗೆ ಮೆಟ್ಟು. ಹೊಸಬರಿಗೆ 5ರ ದರ್ಜೆಯ ದಾರಿಗಳಿವೆ, ಪಳಗಿದವರಿಗೆ 8ಬಿ+ ದರ್ಜೆಯ ‘ಗಣೇಶ’ ಇದೆ.

ಇಲ್ಲಿನ ಅನೇಕ ದಾರಿಗಳಲ್ಲಿ ಕಲ್ಲು ಕೊರೆದು ಬೋಲ್ಟ್ ಕೂರಿಸಿದ್ದಾರೆ. ಬೋಲ್ಟ್ ಇದೆ ಅಂದ್ಮೇಲೆ ಭಯ ಯಾಕೆ ಅಂತೀರಾ? ಲೆಕ್ಕ ನೋಡಿ. ಟಾಪ್ ರೋಪ್‌ನಲ್ಲಿ ಹಗ್ಗ ಮೇಲಿಂದಲೇ ಬಂದಿರುತ್ತೆ. ಜಾರಿದರೂ ಸ್ವಲ್ಪದರಲ್ಲೇ ನಿಲ್ತೀವಿ. ಲೀಡ್‌ನಲ್ಲಿ ಹಗ್ಗವನ್ನು ನಾವೇ ಬೋಲ್ಟಿಂದ ಬೋಲ್ಟಿಗೆ ಸಿಕ್ಕಿಸ್ತಾ ಹೋಗಬೇಕು. ಬೋಲ್ಟಿಗಿಂತ ಒಂದು ಮೀಟರ್ ಮೇಲಿದ್ದಾಗ ಜಾರಿದರೆ ಎರಡು ಮೀಟರ್ ಬೀಳ್ತೀವಿ. ಹಗ್ಗದ ಸಡಿಲ, ಹಿಗ್ಗುವಿಕೆ ಬೇರೆ ಸೇರುತ್ತೆ. ಮೊದಲ ಬೋಲ್ಟ್ ಮುಟ್ಟುವವರೆಗೆ ಹಗ್ಗ ಕಟ್ಟಿಕೊಂಡೂ ಲಾಭವಿಲ್ಲ. ಎರಡನೆಯದನ್ನು ತಲುಪುವ ಮುಂಚೆ ಜಾರಿದರೂ ನೆಲ ತಾಗಬಹುದು.

ಜಿಮ್ ಗೋಡೆಯಲ್ಲಿ ಒಂದು ವರ್ಷ ಕಲಿತು ಬಂದ ನನಗೆ ಇದೆಲ್ಲ ಬಾಯಿಪಾಠ. ಆದರೂ ಐದನೇ ಬೋಲ್ಟ್ ದಾಟಿದಾಗ ಮೊಣಕಾಲು ನಡುಗ್ತಿತ್ತು. ಕೆಳಗಿಂದ ತರಬೇತುದಾರರು ಕೂಗಿದರು: “ಕೈ ಬಿಡ್ರೀ ಸರ. ನಾ ಹಿಡದೀನಿ.” ಬೀಳೋದನ್ನೂ ಅಭ್ಯಾಸ ಮಾಡಿಸ್ತಾರೆ. ಎಣಿಸೋಕೂ ಪುರುಸೊತ್ತಿಲ್ಲದಷ್ಟು ಹೊತ್ತು ಗಾಳಿ. ಆಮೇಲೆ ಹಗ್ಗ ಮೆತ್ತಗೆ ಎಳೆದು ನಿಲ್ಲಿಸಿತು. ಬೋಲ್ಟ್ ಎಷ್ಟೇ ಗಟ್ಟಿ ಇರಲಿ, ಆ ತುದಿಯಲ್ಲಿ ಹಿಡಿದವರು ಒಂದು ಕ್ಷಣ ಮೊಬೈಲ್ ನೋಡಿದ್ದರೆ? ಬ್ಯಾಕಪ್ ಇದೆ ಅಂತ ಪ್ರೊಡಕ್ಷನ್ ಸರ್ವರ್ ಜೊತೆ ಆಟ ಆಡ್ತೀವಾ?

ಹಾಗಾಗಿ ಹೋಗೋ ಮುಂಚೆ ಕೆಲವು ಮಾತು. ಬಿಲೇ ಕಲಿಯದ ಗೆಳೆಯನ ಕೈಗೆ ಹಗ್ಗ ಕೊಡಬೇಡಿ. ಸ್ಥಳೀಯ ಅನುಭವಿಗಳ ಜೊತೆಗೇ ಹೋಗಿ, ಯಾವ ದಾರಿಯ ಬೋಲ್ಟ್ ಹಳತಾಗಿದೆ ಅಂತ ಕೇಳಿ. ಹತ್ತುವ ಮುಂಚೆ ಗಂಟು, ಹಾರ್ನೆಸ್ ಬಕಲ್ ಇಬ್ಬರೂ ಪರಸ್ಪರ ಮುಟ್ಟಿ ನೋಡಿ. ಹೆಲ್ಮೆಟ್ ತೆಗೀಬೇಡಿ. ಹೆಜ್ಜೇನು ಕಟ್ಟಿದ್ದರೆ ಆ ಕಡೆ ತಲೆ ಹಾಕಬೇಡಿ. ಮಳೆ ಬಂದರೆ ಕಲ್ಲು ಪೂರ್ತಿ ಒಣಗೋವರೆಗೆ ಕಾಯಿರಿ. ನೆನೆದ ಮರಳುಗಲ್ಲು ಬಲ ಕಳ್ಕೊಳ್ಳುತ್ತೆ. ಗುಹಾಲಯ, ಕೋಟೆಗಳು ಸಂರಕ್ಷಿತ ಸ್ಮಾರಕಗಳು, ಅಲ್ಲಿ ಹತ್ತೋ ಮಾತೇ ಬೇಡ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ಬೆಂಗಳೂರಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬಾದಾಮಿಯಲ್ಲೇ ಇಳೀಬಹುದು. ಸಂಜೆ ಬೆರಳು ಉರೀತಿರುತ್ತೆ, ಜೋಳದ ರೊಟ್ಟಿ ಮುರಿಯೋದೂ ಕಷ್ಟ. ಎಣ್ಣೆಗಾಯಿ ಜೊತೆ ಎರಡು ಜಾಸ್ತಿನೇ ಇಳಿಯುತ್ತೆ.