ಹೇಮಗುಡ್ಡಕ್ಕೆ ಸಿನಿಮಾ ಕೋಟೆ ಬೇಕೇ?

ಹೇಮಗುಡ್ಡ ಎಂದರೆ ನಮ್ಮ ಗಂಗಾವತಿ ಕಡೆಯವರಿಗೆ ಮೊದಲು ನೆನಪಾಗುವುದು ದಸರೆ. ಊರಿನ ದುರ್ಗಾಪರಮೇಶ್ವರಿಯನ್ನು ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಾರೆ. ಮೈಸೂರು ದೂರವಾಯಿತು ಎನ್ನುವವರು ಇಲ್ಲಿಗೇ ಬಂದು ಜಂಬೂ ಸವಾರಿ ನೋಡಿ ಕೈಮುಗಿದು ಹೋಗುತ್ತಾರೆ. ಉಳಿದ ದಿನಗಳಲ್ಲಿ ಇಲ್ಲಿ ಅಷ್ಟು ಗದ್ದಲವಿಲ್ಲ. ಯಾರೋ ಪೇರಿಸಿಟ್ಟಂತೆ ಕಾಣುವ ಬಂಡೆಗಳ ಗುಡ್ಡ, ಹಳೆಯ ಕೋಟೆಯ ಕಲ್ಲುಗೋಡೆ, ಗಾಳಿ. ಗಂಗಾವತಿಯ ಕಡೆಗೆ ತಿರುಗಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳ ನಾಡು.

ಕಳೆದ ಚಳಿಗಾಲದ ಒಂದು ಭಾನುವಾರ ಮೊಮ್ಮಕ್ಕಳಿಬ್ಬರನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಮೊಮ್ಮಗ ಏಳನೆಯ ತರಗತಿ, ಮೊಮ್ಮಗಳು ನಾಲ್ಕನೆಯದು. ಹಿಂದಿನ ರಾತ್ರಿ ಹುಡುಗ ಶಿವರಾಜ್‌ಕುಮಾರ್ ಅಭಿನಯದ ‘ಗಂಡುಗಲಿ ಕುಮಾರರಾಮ’ ಚಿತ್ರ ನೋಡಿದ್ದ. ಹೇಮಗುಡ್ಡ ಮತ್ತು ಇದೇ ಸೀಮೆಯ ಕುಮ್ಮಟದುರ್ಗವನ್ನು ನಮ್ಮ ಜನ ಕುಮಾರರಾಮನ ಹೆಸರಿನ ಜೊತೆಗೇ ನೆನೆಯುತ್ತಾರೆ. ಹೀಗಾಗಿ ಹುಡುಗನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

“ಅಜ್ಜಾ, ಇಲ್ಲಿ ಸಿನಿಮಾದಾಗ ಇದ್ದಂಥ ಕೋಟಿ ಕಟ್ಟಬೇಕು. ಕುದುರಿ, ಕತ್ತಿ, ಲೈಟು, ಎಲ್ಲಾ ಇರಬೇಕು. ಟಿಕೆಟ್ ಇಟ್ರ ಮಂದಿ ಮುಗಿಬಿದ್ದು ಬರ್ತಾರ.”

“ಖರೇ ಕೋಟಿನ ಇಲ್ಲೇ ಐತೆಲ್ಲೋ ಅಣ್ಣಾ! ಸುಳ್ಳು ಕೋಟಿ ಯಾಕ ಬೇಕು?” ಎಂದಳು ತಂಗಿ.

ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಬ್ಯಾಂಕಿನಲ್ಲಿ ಲೆಕ್ಕ ಬರೆದೇ ಮುದುಕನಾದವನು ನಾನು. ಜೇಬಿನಲ್ಲಿದ್ದ ಸಣ್ಣ ಡೈರಿ ತೆಗೆದು ಪುಟದ ನಡುವೆ ಗೆರೆ ಎಳೆದೆ. ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು. “ಜಗಳ ಬ್ಯಾಡ. ಸಿನಿಮಾ ಕೋಟಿ ಬಂದ್ರ ಊರಿಗೆ ಬರೋದು ಏನು, ಊರಿನಿಂದ ಹೋಗೋದು ಏನು, ಎರಡೂ ಬರೀರಿ” ಎಂದೆ.

ಮಕ್ಕಳೇ, ಈ ಜಗಳ ನಮ್ಮ ಮನೆಯ ಹುಡುಗರದ್ದಷ್ಟೇ ಅಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಡಿಸ್ನಿಯವರು 1998ರಲ್ಲಿ ಪ್ರಾಣಿಗಳದ್ದೇ ಒಂದು ದೊಡ್ಡ ಉದ್ಯಾನ ತೆರೆದರು. ಅದರೊಳಗೆ ‘ಅವತಾರ್’ ಚಿತ್ರದ ಪಂಡೋರಾ ಲೋಕವನ್ನು ಸೇರಿಸುತ್ತೇವೆ ಎಂದು 2011ರಲ್ಲಿ ಹೇಳಿದಾಗ ಅಭಿಮಾನಿಗಳೇ ಎರಡು ಪಾಳಯವಾದರು. ನಿಜವಾದ ಆನೆ, ಜಿರಾಫೆ ಇರುವ ಕಡೆ ಕಟ್ಟುಕಥೆಯ ನೀಲಿ ಜನರಿಗೇನು ಕೆಲಸ ಎಂದು ಕೆಲವರು ಕೇಳಿದರು. ಆ ಚಿತ್ರದ ಕಥೆಯೂ ಕಾಡನ್ನು ಉಳಿಸುವುದೇ ಅಲ್ಲವೇ ಎಂದು ಉಳಿದವರು ವಾದಿಸಿದರು. ಕೊನೆಗೆ 2017ರಲ್ಲಿ ಪಂಡೋರಾ ತೆರೆಯಿತು.

ಅಷ್ಟು ದೂರ ಹೋಗುವುದೇಕೆ, ನಮ್ಮ ರಾಮನಗರದಲ್ಲೇ ಇಂಥ ವಾದ ನಡೆದಿದೆ. 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯನ್ನು ನಿಮ್ಮ ಅಜ್ಜ-ಅಜ್ಜಿ ನೋಡಿಯೇ ಇರುತ್ತಾರೆ, ಗಬ್ಬರ್ ಸಿಂಗ್ ಹೇಗೆ ಮಾತಾಡುತ್ತಿದ್ದ ಎಂದು ಕೇಳಿ ನೋಡಿ! ರಮೇಶ್ ಸಿಪ್ಪಿ ನಿರ್ದೇಶಿಸಿದ ಆ ಚಿತ್ರದ ‘ರಾಮಗಢ’ ಉತ್ತರ ಭಾರತದ ಹಳ್ಳಿಯಲ್ಲ. ರಾಮನಗರದ ಬಂಡೆಗಳ ಅಡಿಯಲ್ಲಿ ಹಾಕಿದ ಸೆಟ್ಟು. ಸೆಟ್ಟು ಎಂದೋ ಹೋಯಿತು, ಬಂಡೆಗಳು ಉಳಿದವು. ಏಳೆಂಟು ವರ್ಷಗಳ ಹಿಂದೆ, ಪ್ರವಾಸಿಗರಿಗಾಗಿ ಅಲ್ಲಿ ಶೋಲೆಯ ಹಳ್ಳಿಯನ್ನು ಹೊಸ ತಂತ್ರಜ್ಞಾನದಲ್ಲಿ ಮತ್ತೆ ತೋರಿಸಬೇಕೆಂಬ ಮಾತು ಸರ್ಕಾರದ ಮಟ್ಟದಲ್ಲಿ ಬಂತು. ಚಿತ್ರದ ಅಭಿಮಾನಿಗಳಿಗೆ ಖುಷಿಯಾಯಿತು. ಪಕ್ಷಿಪ್ರೇಮಿಗಳು ಮಾತ್ರ ಗಾಬರಿಗೊಂಡರು.

ಯಾಕೆಂದರೆ ಅಲ್ಲಿನ ರಾಮದೇವರಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ, ಅವುಗಳ ಮೂತ್ರಪಿಂಡ ಕೆಟ್ಟು, ದೇಶದ ತುಂಬ ರಣಹದ್ದುಗಳು ಸತ್ತವು. 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಿದರು. ಉಳಿದ ಕೆಲವೇ ಹದ್ದುಗಳಿಗಾಗಿ 2012ರಲ್ಲಿ ರಾಮದೇವರಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಿದರು. ಅಲ್ಲಿ ಜನಸಂದಣಿ, ಸದ್ದು ಹೆಚ್ಚಿದರೆ ಹಕ್ಕಿ ಗೂಡು ಬಿಟ್ಟು ಹಾರಿಹೋಗುತ್ತದೆ ಎಂಬುದು ಪಕ್ಷಿಪ್ರೇಮಿಗಳ ಆತಂಕ. ಗಬ್ಬರ್ ಬರುವುದಕ್ಕೆ ಎಷ್ಟೋ ಕಾಲ ಮೊದಲೇ ಆ ಬಂಡೆ ಹದ್ದುಗಳದಾಗಿತ್ತಲ್ಲವೇ?

ಇದನ್ನು ಕೇಳಿದ ಮೊಮ್ಮಗಳು ಖರ್ಚಿನ ಕಡೆ ‘ಹಕ್ಕಿಗಳು’ ಎಂದು ಬರೆದಳು. “ನಮ್ಮ ಗುಡ್ಡದಾಗ ಹದ್ದು ಎಲ್ಲಿ ಅದಾವ?” ಎಂದ ಅಣ್ಣ. ನಮ್ಮ ಕೊಪ್ಪಳ ಜಿಲ್ಲೆಯ ಕಲ್ಲುಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ಧಾಮವಾಗಿದೆ ಎಂದೆ. ಹುಡುಗ ಸುಮ್ಮನೆ ಅತ್ತಿತ್ತ ನೋಡಿ ನನ್ನ ಹತ್ತಿರ ಸರಿದು ಕುಳಿತ.

ಹಾಗೆಂದು ಸಿನಿಮಾ ಬಂದಲ್ಲೆಲ್ಲ ಊರು ಕೆಡುತ್ತದೆ ಎಂದು ನಾನು ಹೇಳುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಅರಸಾಳು ನೋಡಿ. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡಿದಾಗ ಅಲ್ಲಿನ ಪುಟ್ಟ ರೈಲು ನಿಲ್ದಾಣವೇ ಮಾಲ್ಗುಡಿಯ ನಿಲ್ದಾಣವಾಯಿತು. ಮುಂದೆ ಆ ಹಳೆಯ ಕಟ್ಟಡ ಪಾಳು ಬಿತ್ತು. ಅದನ್ನು ಕೆಡವದೆ ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದರು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಈ ಕೆಲಸಕ್ಕೂ ಕೈಹಾಕಿದರು. ಒಂದು ರೈಲು ಬೋಗಿಯನ್ನು ಚಹಾದಂಗಡಿ ಮಾಡಿದರು. ಅಲ್ಲಿ ಸಿನಿಮಾದ ನೆನಪು ಹಳೆಯ ಕಟ್ಟಡವನ್ನೇ ಉಳಿಸಿಕೊಟ್ಟಿತು.

ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಇನ್ನೊಂದು ಬಗೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಕನಸಿನ ಈ ಉದ್ಯಾನದ ತುಂಬ ಉತ್ತರ ಕರ್ನಾಟಕದ ಹಳ್ಳಿಯ ಬಾಳು ಶಿಲ್ಪಗಳಾಗಿ ನಿಂತಿದೆ. ಆದರೆ ಬಾಗಿಲಲ್ಲೇ ನಮ್ಮನ್ನು ಎದುರುಗೊಳ್ಳುವವರು ಡಾ. ರಾಜ್‌ಕುಮಾರ್, ತಮ್ಮ ಸಿನಿಮಾ ಪಾತ್ರಗಳ ವೇಷದಲ್ಲಿ. ಹಳ್ಳಿಯ ಬಾಳು ತೋರಿಸುವ ಕಡೆ ಸಿನಿಮಾ ಯಾಕೆ ಎಂದು ಕೇಳಬಹುದು. ರಾಜ್‌ಕುಮಾರ್ ಚಿತ್ರಕ್ಕೆಂದು ಬಂಡಿ ಕಟ್ಟಿಕೊಂಡು ಪಟ್ಟಣಕ್ಕೆ ಹೋಗಿದ್ದೂ ಆ ಹಳ್ಳಿಯ ಬಾಳೇ ಅಲ್ಲವೇ? ಅಲ್ಲಿ ಸಿನಿಮಾ ಬಾಗಿಲಲ್ಲಿ ನಿಂತು ಬನ್ನಿ ಎನ್ನುತ್ತದೆ; ಒಳಗಿನ ಮನೆ ಹಳ್ಳಿಯವರದೇ.

ನಾವು ಕೆಳಗಿಳಿದು ಬಂದಾಗ ತೆಂಗಿನಕಾಯಿ ಮಾರುವ ಮುದುಕಿಯನ್ನು ಹುಡುಗನೇ ಕೇಳಿದ: “ಅಮ್ಮಾ, ಇಲ್ಲಿ ಸಿನಿಮಾ ಕೋಟಿ ಆದ್ರ ಚಲೋ ಅಲ್ಲೇನ್ರಿ?”

ಆಕೆ ನಕ್ಕಳು. “ದಸರಾದಾಗ ಎರಡು ದುಡ್ಡು ಕಾಣ್ತೀವಪ್ಪಾ. ಆಮ್ಯಾಲೆ ಹಿಂಗ ನೊಣ ಹೊಡಕೋಂತ ಕುಂದ್ರೂದು. ಮಂದಿ ಬಂದ್ರ ಬ್ಯಾಡ ಅಂತೀನೇನು? ಆದ್ರ ದೊಡ್ಡ ಗೇಟು ಹಾಕಿದ್ರ ನನ್ನ ಬುಟ್ಟಿ ಒಳಗ ಬಿಡ್ತಾರೋ, ಹೊರಗ ಹಾಕ್ತಾರೋ?”

ನಮ್ಮ ಡೈರಿಯ ಎರಡೂ ಕಡೆಗೆ ಸೇರುವ ಮಾತು ಅದು. ಮೊಮ್ಮಗ ಜಮಾ ಕಡೆ ‘ಅಮ್ಮನ ವ್ಯಾಪಾರ’ ಎಂದು ಬರೆದ. ಖರ್ಚಿನ ಕಡೆಯೂ ಅದನ್ನೇ ಬರೆದು ಮುಂದೆ ಪ್ರಶ್ನೆ ಚಿಹ್ನೆ ಹಾಕಿದ.

ಆಗ ನಾನು ಅವನಿಗೆ ಕುಮಾರರಾಮನ ಕಾಲದ ಒಂದು ಸಂಗತಿ ಹೇಳಿದೆ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ಅವನ ಹತ್ತಿರದ ಬಂಧುವೇ ಆದ ಬಹಾವುದ್ದೀನ್ ಗುರ್ಶಾಸ್ಪ್ ಬಂಡೆದ್ದ. ಸೋತು ಓಡಿಬಂದು ಕುಮಾರರಾಮನ ತಂದೆ ಕಂಪಿಲರಾಯನ ಮೊರೆಹೊಕ್ಕ. ಸುಲ್ತಾನನ ದಂಡು ಬೆನ್ನಟ್ಟಿ ಬಂತು. ಒಪ್ಪಿಸಿದ್ದರೆ ರಾಜ್ಯ ಉಳಿಯುತ್ತಿತ್ತೇನೋ. ಕಂಪಿಲರಾಯ ಒಪ್ಪಿಸಲಿಲ್ಲ. ಸೋಲು ಖಚಿತವಾದಾಗಲೂ ಅತಿಥಿಯನ್ನು ಹೊಯ್ಸಳ ಬಲ್ಲಾಳನ ಬಳಿಗೆ ದಾಟಿಸಿ, ತಾನು ಹೋರಾಡಿ ಸತ್ತ. 1327ರಲ್ಲಿ ಕಂಪಿಲಿ ರಾಜ್ಯವೇ ಅಳಿಯಿತು. ಈ ಕಥೆಯನ್ನು ಆ ಕಾಲದಲ್ಲಿ ಭಾರತ ಸುತ್ತಿದ ಇಬ್ನ್ ಬತೂತ ಎಂಬ ಪ್ರವಾಸಿಯೂ ಬರೆದಿಟ್ಟಿದ್ದಾನೆ. ಬಂದವನು ಬೇರೆ ಧರ್ಮದವನು, ಬೇರೆ ನಾಡಿನವನು. ಆದರೂ ಮರೆಹೊಕ್ಕವನನ್ನು ಈ ಸೀಮೆಯ ಅರಸ ಬಿಟ್ಟುಕೊಡಲಿಲ್ಲ.

ಮಕ್ಕಳಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗ ಕೇಳಿದ: “ಹಂಗಾದ್ರ ಇದನ್ನ ಇಲ್ಲಿ ಯಾಕ ಬರೆದಿಲ್ಲ ಅಜ್ಜಾ?”

ಸರಿಯಾದ ಪ್ರಶ್ನೆ. ಬಣ್ಣದ ಕೋಟೆ ಕಟ್ಟಿದರೆ ಕತ್ತಿ ಕಾಣುತ್ತದೆ, ಕುದುರೆ ಕಾಣುತ್ತದೆ. ಈ ಮಾತು ಕಾಣಬೇಕಾದರೆ ಯಾರಾದರೂ ಹೇಳಬೇಕು. ಸಿನಿಮಾ ನಮ್ಮ ಹುಡುಗನನ್ನು ಹೇಮಗುಡ್ಡದವರೆಗೆ ಕರೆತಂದಿತು, ಅದಕ್ಕೆ ನನ್ನ ನಮಸ್ಕಾರ. ಬಂದ ಮೇಲೆ ಅವನಿಗೆ ಸಿಗಬೇಕಾದದ್ದು ಹೇಮಗುಡ್ಡವೇ.

ಸಂಜೆ ಬಸ್ಸಿನಲ್ಲಿ ಇಬ್ಬರೂ ಸೇರಿ ಲೆಕ್ಕ ಮುಗಿಸಿದರು. ಗುಡ್ಡದ ಮೇಲೆ ಏನೂ ಕಟ್ಟಬಾರದು. ಕೋಟೆಯ ಬಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಬೇಕು. ಕೆಳಗೆ, ಊರಿನ ಹತ್ತಿರ, ಒಂದು ದೊಡ್ಡ ಕೋಣೆಯಲ್ಲಿ ಸಿನಿಮಾ ತೋರಿಸಬಹುದು. ಅದಾದ ಮೇಲೆ ಊರಿನ ಹಿರಿಯರೊಬ್ಬರು ಕುಮಾರರಾಮನ ಕಥೆ ಹೇಳಬೇಕು. ಕುಡಿಯುವ ನೀರು, ಶೌಚಾಲಯ ಬೇಕು. ಮಕ್ಕಳಿಗೆ ಟಿಕೆಟ್ ಬೇಡ. ತೆಂಗಿನಕಾಯಿ ಅಮ್ಮನ ಬುಟ್ಟಿಗೆ ಬಾಗಿಲ ಒಳಗೇ ಜಾಗ ಕೊಡಬೇಕು. ಈ ಕೊನೆಯದನ್ನು ಹುಡುಗನೇ ಬರೆದು ಕೆಳಗೆ ಎರಡು ಗೆರೆ ಎಳೆದ.

ನಿಮ್ಮ ಊರಿನ ಹತ್ತಿರವೂ ಒಂದು ಗುಡ್ಡವೋ ಕೆರೆಯೋ ಹಳೆಯ ಗುಡಿಯೋ ಇದ್ದೇ ಇರುತ್ತದೆ. ಬರುವ ಭಾನುವಾರ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ. ಏನು ಬಂದರೆ ಚೆಂದ, ಏನು ಹೋದರೆ ನಷ್ಟ ಎಂದು ಒಂದು ಪುಟದಲ್ಲಿ ಗೆರೆ ಎಳೆದು ಬರೆಯಿರಿ. ಅಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತವರನ್ನು ಕೇಳುವುದನ್ನು ಮಾತ್ರ ಮರೆಯಬೇಡಿ.