ಪಾದಕ್ಕೆ ತಕ್ಕ ಪಾದರಕ್ಷೆ: ಯಂಕಂಚಿಯಿಂದ ಅಥಣಿಗೆ

ವಿಜಯಪುರ ಜಿಲ್ಲೆಯ ಸಿಂದಗಿ ತಾಲೂಕಿನ ಯಂಕಂಚಿ ಕರಿಮಣ್ಣಿನ ಸೀಮೆಯ ಊರು. ಸುತ್ತಲೂ ಜೋಳ, ತೊಗರಿ, ಹತ್ತಿ ಬೆಳೆಯುವ ಎರೆ ಹೊಲಗಳು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ನೆಲ ಬಾಯಿ ಬಿಡುತ್ತದೆ. ಬರಿಗಾಲು ಇಡಲಾಗದಷ್ಟು ಮಣ್ಣು ಕಾಯುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಅಂಟಾಗಿ ಚಪ್ಪಲಿಯನ್ನು ಹಿಡಿದುಕೊಳ್ಳುತ್ತದೆ. ಹತ್ತು ಹೆಜ್ಜೆ ನಡೆಯುವುದರೊಳಗೆ ಕಾಲು ಎತ್ತಲಾರದಷ್ಟು ಭಾರ. ಆಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯುವವರೇ ಹೆಚ್ಚು. ಹೀಗೆ ವರ್ಷದ ಅರ್ಧ ಭಾಗ ಚಪ್ಪಲಿ ಇಲ್ಲದೆ ನಡೆಯಲಾಗದ, ಇನ್ನು ಕೆಲವು ತಿಂಗಳು ಚಪ್ಪಲಿ ಇದ್ದೂ ನಡೆಯಲಾಗದ ನೆಲ ಇದು.

ಈ ಕಡೆಯ ಹಳ್ಳಿಗಳಲ್ಲಿ ಚಪ್ಪಲಿ ಕೊಳ್ಳುವ ಒಂದು ಹಳೆಯ ಕ್ರಮವಿದೆ. ಸಂತೆಗೆ ಹೋಗುವವರು ಗಂಡಸರು. ಮನೆಯಲ್ಲಿರುವ ಹೆಂಗಸರ, ಮಕ್ಕಳ ಕಾಲಿನ ಉದ್ದಕ್ಕೆ ಒಂದು ದಾರ ಹಿಡಿದು, ಗಂಟು ಹಾಕಿ ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ. ದಾರ ಇಲ್ಲದಿದ್ದರೆ ಕಸಬರಿಗೆಯ ಕಡ್ಡಿಯಾದರೂ ಸರಿ. ಅಂಗಡಿಯಲ್ಲಿ ಆ ದಾರವನ್ನು ಚಪ್ಪಲಿಯ ಮೇಲಿಟ್ಟು ನೋಡಿ, "ಮಗು ಬೆಳೀತದ, ಒಂದು ನಂಬರ್ ದೊಡ್ಡದೇ ಕೊಡ್ರಿ" ಎಂದು ತರುತ್ತಾರೆ. ಈದ್‌ಗೆ ಬಂದ ಆ ಚಪ್ಪಲಿಯನ್ನು ಮಗು ಬೆರಳುಗಳಿಂದ ಗಟ್ಟಿಯಾಗಿ ಹಿಡಿದುಕೊಂಡು, ಕಾಲೆಳೆಯುತ್ತಾ ನಡೆಯುತ್ತದೆ. ಪಾಠ ಹೇಳುವ ನನಗೆ ಇದು ದಿನನಿತ್ಯ ಕಾಣುವ ದೃಶ್ಯ. ಆಟದ ಅವಧಿಯಲ್ಲಿ ಮೊದಲು ಹಿಂದೆ ಬೀಳುವುದು ಕಾಲಿನಲ್ಲಿ ಶಕ್ತಿ ಇಲ್ಲದ ಮಗುವಲ್ಲ, ಕಾಲಿಗೆ ಹೊಂದದ ಚಪ್ಪಲಿ ತೊಟ್ಟ ಮಗು.

ದಾರ ಅಳೆಯದ ಅಗಲ

ದಾರಕ್ಕೆ ಒಂದು ಮಿತಿಯಿದೆ. ಅದು ಉದ್ದವನ್ನು ಹೇಳುತ್ತದೆಯೇ ಹೊರತು ಅಗಲವನ್ನು ಹೇಳುವುದಿಲ್ಲ. ಅಂಗಡಿಯ ನಂಬರಿನ ಕತೆಯೂ ಅದೇ. ನಾವು ಹೇಳುವ ಆರು, ಏಳು, ಎಂಟು ಎಂಬ ನಂಬರುಗಳು ಬ್ರಿಟಿಷರ ಕಾಲದಲ್ಲಿ ಬಂದವು. ಒಂದು ನಂಬರಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಅಲ್ಲಿಯೂ ಲೆಕ್ಕ ಉದ್ದದ್ದೇ.

ಚೆನ್ನೈಯಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆದರು. ಯುರೋಪ್ ಮತ್ತು ಅಮೆರಿಕದವರಿಗಿಂತ ನಮ್ಮವರ ಪಾದ ಅಗಲ ಎಂಬುದು ಅವರಿಗೆ ಕಂಡುಬಂದ ಮುಖ್ಯ ವಿಷಯ. ಅಗಲ ಸಾಲದೆ ಬೆರಳು ಒತ್ತಿದಾಗ ಜನರು ಅಗಲವಾದದ್ದನ್ನು ಕೇಳುವುದಿಲ್ಲ, ಉದ್ದವಾದದ್ದನ್ನು ಕೊಳ್ಳುತ್ತಾರೆ. ಆಗ ಮುಂದೆ ಬಿಗಿಯೂ ಹೋಗದು, ಹಿಂದೆ ಸಡಿಲವೂ ತಪ್ಪದು. ಭಾರತೀಯರಿಗಾಗಿ 'ಭಾ' ಎಂಬ ಹೊಸ ಅಳತೆಯ ಪದ್ಧತಿಯನ್ನು ಅವರು ಸೂಚಿಸಿದ್ದಾರೆ. ನಮ್ಮ ಹುಡುಗಿಯರ ಪಾದ ಸರಾಸರಿ 11ನೇ ವಯಸ್ಸಿಗೇ ಬೆಳವಣಿಗೆಯ ತುದಿ ಮುಟ್ಟುತ್ತದೆ, ಹುಡುಗರದ್ದು 15–16ರಲ್ಲಿ ಎಂಬುದೂ ಅದೇ ಸಮೀಕ್ಷೆಯ ಮಾತು. ಏಳನೆಯ ತರಗತಿಯ ಹುಡುಗಿಗೆ "ಬೆಳೀತಾಳ" ಎಂದು ದೊಡ್ಡ ಚಪ್ಪಲಿ ತರುವ ತಾಯಂದಿರು ಇದನ್ನು ನೆನಪಿಡಬೇಕು.

ಅಥಣಿಯ ದಾರಿ

ನಮ್ಮ ಅಮ್ಮಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾದವು. ಒಂದು ಬೇಸಿಗೆಯಲ್ಲಿ ಚಪ್ಪಲಿಯ ಪಟ್ಟಿ ಉಜ್ಜಿ ಹೆಬ್ಬೆರಳಿನ ಬುಡದಲ್ಲಿ ಗಾಯವಾಯಿತು. ಅದು ಅವರಿಗೆ ತಿಳಿಯಲೇ ಇಲ್ಲ. ಹಾಸಿಗೆಯ ಮೇಲೆ ರಕ್ತದ ಕಲೆ ಕಂಡ ಮೇಲೆ ಕಾಲು ನೋಡಿದ್ದು. ಮಾಯಲು ಎರಡು ತಿಂಗಳು ಹಿಡಿಯಿತು. "ಈ ಸಲ ಉಳಿದುಕೊಂಡಿತು, ಮೊದಲು ಚಪ್ಪಲಿ ಬದಲಾಯಿಸಿ" ಎಂದರು ಡಾಕ್ಟರು. ಒಳ್ಳೆಯ ಚರ್ಮದ ಚಪ್ಪಲಿ ಬೇಕಾದರೆ ಅಥಣಿಗೇ ಹೋಗಿ, ಅಲ್ಲಿ ಕಾಲು ನೋಡಿ ಮಾಡಿಕೊಡುತ್ತಾರೆ ಎಂದು ನೆರೆಯವರು ಹೇಳಿದರು. ಹಾಗೆ ಅಮ್ಮಿ, ತಮ್ಮ ಮತ್ತು ನಾನು ಹೊರಟೆವು.

ಸಿಂದಗಿಯಿಂದ ವಿಜಯಪುರಕ್ಕೆ ಸರಕಾರಿ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟಿನ ಚಿಂತೆಯಿಲ್ಲ, ಸೀಟಿನದ್ದೇ ಚಿಂತೆ. ಊರು ಸಮೀಪಿಸುತ್ತಿದ್ದಂತೆ ಗೋಲಗುಮ್ಮಟ ದೂರದಿಂದಲೇ ಕಾಣಿಸಿಕೊಳ್ಳುತ್ತದೆ. ಅಲ್ಲಿ ಬಸ್ಸು ಬದಲಾಯಿಸಿ ಪಶ್ಚಿಮಕ್ಕೆ ತಿರುಗಿ, ಟಿಕೋಟಾ ದಾಟಿ ಹೋದರೆ ಬೆಳಗಾವಿ ಜಿಲ್ಲೆಯ ಅಥಣಿ. ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳು, ಅಥಣಿ ಹತ್ತಿರವಾದಂತೆ ಕಬ್ಬು.

'ಕೊಲ್ಹಾಪುರಿ' ಎಂಬ ಹೆಸರಿನಿಂದ ಪೇಟೆಯಲ್ಲಿ ಮಾರಾಟವಾಗುವ ಚಪ್ಪಲಿಗಳಲ್ಲಿ ಎಷ್ಟೋ ಜೋಡಿ ತಯಾರಾಗುವುದು ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ. 2019ರಲ್ಲಿ ಈ ಚಪ್ಪಲಿಗೆ ಜಿ.ಐ. ಟ್ಯಾಗ್ ಎಂದು ಕರೆಯುವ ಭೌಗೋಳಿಕ ಗುರುತು ಸಿಕ್ಕಾಗ, ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ನಮ್ಮ ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಈ ಕೆಲಸ ಮಾಡುವ ಸಮಗಾರ ಮನೆತನಗಳು ತಮ್ಮ ಪರಂಪರೆಯನ್ನು 12ನೇ ಶತಮಾನದ ಶರಣ ಹರಳಯ್ಯನವರಿಗೆ ಜೋಡಿಸಿಕೊಳ್ಳುತ್ತವೆ. ತನ್ನ ಒಂದು ಶರಣಿಗೆ ಎರಡು ಶರಣು ಹೇಳಿದ ಬಸವಣ್ಣನವರ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂಬ ಕತೆಯನ್ನು ಬಸವನ ಬಾಗೇವಾಡಿಯ ಈ ಸೀಮೆಯಲ್ಲಿ ಕೇಳದವರಿಲ್ಲ.

ಒಂದು ಜೋಡಿಯ ಹಿಂದೆ

ನಾವು ಹೋದ ಮನೆಯ ಪಡಸಾಲೆಯೇ ಕಾರ್ಖಾನೆ. ಗಂಡಸರು ಚರ್ಮ ಕತ್ತರಿಸಿ ಅಟ್ಟೆ ಕೂಡಿಸುತ್ತಿದ್ದರು. ಹೆಂಗಸರು ಆರಿಯಿಂದ ತೂತು ಕೊರೆದು ಹೊಲಿಯುತ್ತಿದ್ದರು. ಚರ್ಮದ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆಯುವುದೂ ಹೆಂಗಸರ ಕೆಲಸವೇ. ಚರ್ಮ ಹದ ಮಾಡಲು ಜಾಲಿ ಮರದ ತೊಗಟೆ, ಅಳಲೆಕಾಯಿ ಬಳಸುತ್ತಾರೆ. ಅಟ್ಟೆಗೆ ಎಮ್ಮೆಯ ದಪ್ಪ ಚರ್ಮ, ಹೆಣಿಗೆಗೆ ಆಡಿನ ತೆಳು ಚರ್ಮ. ಸಾಂಪ್ರದಾಯಿಕ ಜೋಡಿಯಲ್ಲಿ ಒಂದು ಮೊಳೆಯೂ ಇರುವುದಿಲ್ಲ, ಹೊಲಿಗೆಯೂ ಚರ್ಮದ ದಾರದ್ದೇ. ಪಾದದ ಎರಡು ಬದಿಗೆ ಬರುವ 'ಕಿವಿ'ಗಳನ್ನು ಮೇಲಿನ ಮತ್ತು ಕೆಳಗಿನ ಅಟ್ಟೆಯ ನಡುವೆ ಸಿಕ್ಕಿಸಿ ಹೊಲಿಯುತ್ತಾರೆ. ಹೆಬ್ಬೆರಳನ್ನು ಹಿಡಿಯುವ ಬಳೆಗೆ 'ಉಂಗುಟ' ಎನ್ನುತ್ತಾರೆ. ಈ ಕಿವಿ, ಪಟ್ಟಿ, ಉಂಗುಟ ಮೂರೂ ಪಾದದ ಅಗಲಕ್ಕೆ ಸರಿಹೊಂದಿದರೆ ಮಾತ್ರ ಚಪ್ಪಲಿ ಕಾಲಿಗೆ ಕೂರುತ್ತದೆ.

ಹಿಂದೆ ಒಬ್ಬೊಬ್ಬರ ಕೈ ಅಳತೆ ಒಂದೊಂದು ತರಹ ಇತ್ತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಅಸೆಂಟ್ ಸಂಸ್ಥೆಯವರು ಅಥಣಿಯ ಕುಶಲಕರ್ಮಿ ಮಹಿಳೆಯರ ಸ್ವಸಹಾಯ ಗುಂಪುಗಳನ್ನು ಕಟ್ಟಿದರು. 'ಟೋಹೋಲ್ಡ್' ಎಂಬ ಹೆಸರಿನಲ್ಲಿ ಆ ಹೆಂಗಸರ ಚಪ್ಪಲಿಗಳು ಹೊರದೇಶಗಳಿಗೂ ಹೋದವು. ಮನೆಯ ಕೂಲಿಯಂತೆ ಹೊಲಿಯುತ್ತಿದ್ದವರ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದದ್ದು ದೊಡ್ಡ ಬದಲಾವಣೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪೆನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಮಾದರಿಯ ಉಂಗುಟದ ಚಪ್ಪಲಿಯನ್ನು ಭಾರತದ ಹೆಸರೆತ್ತದೆ ತೋರಿಸಿ ಟೀಕೆಗೊಳಗಾಯಿತು. ಆಮೇಲೆ ಮೂಲವನ್ನು ಒಪ್ಪಿಕೊಂಡು, ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು.

"ಇವರಿಗೆ ಬ್ಯಾಡ್ರಿ"

ಹೊಲಿಯುತ್ತಿದ್ದ ಹಿರಿಯ ಹೆಂಗಸು ಒಂದು ರಟ್ಟಿನ ಹಾಳೆ ಹಾಸಿ, ಅಮ್ಮಿಯನ್ನು ಅದರ ಮೇಲೆ ನಿಲ್ಲಿಸಿ ಎರಡೂ ಪಾದಗಳ ಸುತ್ತ ಗೆರೆ ಎಳೆದರು. ಕುಳಿತಾಗಿನ ಪಾದಕ್ಕೂ ಭಾರ ಬಿದ್ದಾಗಿನ ಪಾದಕ್ಕೂ ಅಗಲದಲ್ಲಿ ವ್ಯತ್ಯಾಸ ಇರುತ್ತದೆ, ಅದಕ್ಕೇ ನಿಂತೇ ಅಳೆಯಬೇಕು ಎಂದರು. ಆಮೇಲೆ ಅವರ ಕಣ್ಣು ಹೆಬ್ಬೆರಳಿನ ಕಲೆಯ ಮೇಲೆ ಬಿತ್ತು. "ಇದೇನ್ರೀ ಅವ್ವಾರ?" ಎಂದು ಕೇಳಿದರು. ಅಮ್ಮಿ ಹೇಳಿದರು. "ಸ್ವಲ್ಪ ಆ ಕಡೆ ನೋಡ್ರಿ" ಎಂದು ಒಂದು ಎಳೆ ಚರ್ಮದ ತುದಿಯಿಂದ ಬೆರಳನ್ನು ಮೆಲ್ಲಗೆ ಮುಟ್ಟಿ, "ಗೊತ್ತಾತೇನ್ರಿ?" ಎಂದರು. ಅಮ್ಮಿಗೆ ಗೊತ್ತಾಗಲಿಲ್ಲ.

ಅವರು ರಟ್ಟನ್ನು ಮಡಚಿ ಪಕ್ಕಕ್ಕಿಟ್ಟರು. "ಟೀಚರ್, ಇವರಿಗೆ ಉಂಗುಟದ ಚಪ್ಪಲಿ ಬ್ಯಾಡ್ರಿ. ಹೊಸ ಚರ್ಮ ಮೊದಲ ಎಂಟು ದಿನ ಕಚ್ಚತದ. ನಮಗಾದ್ರ ನೋವಾಗತದ, ತೆಗೆದಿಡತೀವಿ. ಇವರಿಗೆ ನೋವೇ ಗೊತ್ತಾಗೂದಿಲ್ಲ. ನಮ್ಮತ್ತಿಗೂ ಹಿಂಗ ಆಗಿ ಒಂದು ಬೆರಳು ಹೋತು" ಎಂದರು. ಅಷ್ಟು ದೂರದಿಂದ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸುವುದು ಅವರಿಗೂ ಸುಲಭವಾಗಿರಲಿಲ್ಲ. ಅಮ್ಮಿ ಅವರ ಕೈ ಹಿಡಿದುಕೊಂಡು ದುಆ ಹೇಳಿದರು.

ನನಗೊಂದು ಜೋಡಿ ಕೊಂಡೆ. ತೊಟ್ಟಾಗ ಬಿಗಿ ಅನಿಸಿತು. "ಬಿಗೀನೇ ಇರಬೇಕ್ರಿ, ಚರ್ಮ ಹಿಗ್ಗತದ. ಇವತ್ತೇ ಸರಿ ಆದ್ರ ನಾಳೆ ಸಡಿಲ ಆಗತದ" ಎಂದು ವಿವರಿಸಿದರು. ದಿನಕ್ಕೆ ಒಂದೊಂದು ತಾಸು ತೊಟ್ಟು ಕಾಲಿಗೆ ಪಳಗಿಸಬೇಕು, ಆಗಾಗ ಎಣ್ಣೆ ಸವರಬೇಕು, ನೀರಿಗೆ ಇಳಿಸಬಾರದು. ನಮ್ಮ ಎರೆ ಹೊಲದ ಮಳೆಗಾಲಕ್ಕೆ ಇದು ಆಗದು.

ಹಿಮದ ಮೇಲಿನ ಬೂಟು

ಈ 'ಬಿಗಿ'ಯ ಮಾತನ್ನು ಕೆನಡಾದಲ್ಲಿರುವ ನಮ್ಮ ಬಂಧುವೊಬ್ಬಳಿಗೆ ಫೋನಿನಲ್ಲಿ ಹೇಳಿದಾಗ ಅವಳು ನಕ್ಕಳು. ಅವಳ ಮಗ ಅಲ್ಲಿ ಐಸ್ ಹಾಕಿ ಆಡುತ್ತಾನೆ. ಕೆಳಗೆ ಉಕ್ಕಿನ ಅಲಗು ಇರುವ ಸ್ಕೇಟ್ ಬೂಟು ತೊಟ್ಟು ಮಂಜುಗಡ್ಡೆಯ ಮೇಲೆ ಜಾರುತ್ತಾ ಆಡುವ ಆಟ ಅದು. ಆ ಬೂಟಿಗೆ ಸಾಮಾನ್ಯ ಶೂಗಿಂತ ಒಂದು, ಒಂದೂವರೆ ನಂಬರ್ ಕಡಿಮೆ ಕೊಡುತ್ತಾರಂತೆ. ನೇರ ನಿಂತಾಗ ಬೆರಳ ತುದಿ ಮುಂಭಾಗವನ್ನು ಸ್ವಲ್ಪ ಮುಟ್ಟಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಒಂದಿಷ್ಟೂ ಏಳಬಾರದು. ಉದ್ದದ ಜೊತೆಗೆ ಪಾದದ ಅಗಲ, ಎತ್ತರಗಳನ್ನೂ ನೋಡುತ್ತಾರೆ. ಕೆಲವು ಬೂಟುಗಳನ್ನು ಅಂಗಡಿಯಲ್ಲೇ ವಿಶೇಷ ಓವನ್‌ನಲ್ಲಿ ಬಿಸಿ ಮಾಡಿ, ಮೆತ್ತಗಾದಾಗ ತೊಡಿಸಿ ಕಾಲಿನ ಆಕಾರಕ್ಕೆ ಕೂರಿಸುತ್ತಾರೆ. ಬೂಟು ಸಡಿಲವಾದರೆ ಕಣಕಾಲು ಹೊರಳುತ್ತದೆ, ಕಾಲು ಬೊಬ್ಬೆ ಬರುತ್ತದೆ, ಮಗು ಆಟವನ್ನೇ ಬಿಡುತ್ತದೆ. "ಇಲ್ಲಿಯೂ ತಂದೆ ತಾಯಿ 'ಬೆಳೆಯುವ ಮಗು' ಎಂದು ದೊಡ್ಡದು ಕೇಳುತ್ತಾರೆ, ಅಂಗಡಿಯವನು ಬೇಡ ಎನ್ನುತ್ತಾನೆ" ಎಂದಳು. ಯಂಕಂಚಿಯ ಸೀಮೆಗೂ ಕೆನಡಾಕ್ಕೂ ಈ ವಿಷಯದಲ್ಲಿ ಅಂತರವಿಲ್ಲ.

ನಮ್ಮ ದೇಶದಲ್ಲಿ ಈ ಆಟ ಬೇರೂರಿರುವುದು ಲಡಾಖ್‌ನಲ್ಲಿ. ಆರಂಭದಲ್ಲಿ ಎರವಲು ತಂದ ಸಲಕರಣೆಗಳಲ್ಲಿ ಅಭ್ಯಾಸ ಮಾಡಿದ ಅಲ್ಲಿನ ಹೆಣ್ಣುಮಕ್ಕಳೇ ಹೆಚ್ಚಾಗಿರುವ ಭಾರತ ತಂಡ 2016ರಲ್ಲಿ ಅಂತಾರಾಷ್ಟ್ರೀಯ ಕಣಕ್ಕಿಳಿಯಿತು. 2025ರಲ್ಲಿ ಮಹಿಳೆಯರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು.

ಅಮ್ಮಿಯ ಚಪ್ಪಲಿ

ಅಮ್ಮಿಗೆ ಬೇಕಾದದ್ದು ಕೊನೆಗೆ ವಿಜಯಪುರದಲ್ಲೇ ಸಿಕ್ಕಿತು. ಎಂ.ಸಿ.ಆರ್. ಎಂದು ಕರೆಯುವ ಮೆತ್ತನೆಯ ರಬ್ಬರಿನ ಚಪ್ಪಲಿ ಅದು. ಬೆರಳಿನ ನಡುವೆ ಪಟ್ಟಿ ಇಲ್ಲ, ಉಂಗುಟ ಇಲ್ಲ. ಮೇಲೆ ಅಗಲವಾದ ಪಟ್ಟಿ, ಹಿಮ್ಮಡಿಯ ಹಿಂದೆ ಇನ್ನೊಂದು ಪಟ್ಟಿ, ಬೇಕಾದಷ್ಟೇ ಬಿಗಿ ಮಾಡಿಕೊಳ್ಳಬಹುದು. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ಸ್ಪರ್ಶಜ್ಞಾನ ಕಳೆದುಕೊಂಡ ಕುಷ್ಠರೋಗಿಗಳ ಪಾದ ಉಳಿಸಲು ಇಂಥ ಮೆತ್ತನೆಯ ಪಾದರಕ್ಷೆಗಳ ಮೇಲೆ ಕೆಲಸ ಮಾಡಿದರು. ನೋವು ಎಂಬುದು ದೇಹದ ಕಾವಲುಗಾರ ಎಂಬುದು ಅವರು ಜೀವನವಿಡೀ ಹೇಳಿದ ಮಾತಿನ ಸಾರ. ಇಂದು ಆ ಚಪ್ಪಲಿ ಸಕ್ಕರೆ ಕಾಯಿಲೆಯವರಿಗೆ ಆಸರೆಯಾಗಿದೆ. ನೋಡಲು ಚೆಂದವಿಲ್ಲ ಎಂದು ಅಮ್ಮಿ ಮದುವೆ ಮನೆಗೆ ತೊಡಲು ಮೊದಲು ಹಿಂಜರಿದರು. ಈಗ ಹಿಂಜರಿಕೆ ಇಲ್ಲ.

ಚಪ್ಪಲಿ ಕೊಳ್ಳುವಾಗ

ಈ ಓಡಾಟದಲ್ಲಿ ತಿಳಿದುಕೊಂಡದ್ದನ್ನು ಸಹೋದರಿಯರಿಗೆ ಹೇಳುತ್ತೇನೆ. ಚಪ್ಪಲಿಯನ್ನು ಸಂಜೆ ಕೊಳ್ಳಿ. ದಿನವಿಡೀ ನಿಂತ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ. ಎರಡೂ ಕಾಲು ನಿಂತು ಅಳೆಸಿ, ದೊಡ್ಡದಾದ ಕಾಲಿಗೆ ಸರಿಯಾದದ್ದನ್ನು ಆರಿಸಿ. ಶೂ ಆದರೆ ಬೆರಳ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಸಾಕು. ದಾರದ ಬದಲು ಕಾಗದದ ಮೇಲೆ ಪಾದದ ಪೂರ್ತಿ ಗೆರೆ ಎಳೆದು ಕಳುಹಿಸಿದರೆ ಅಗಲವೂ ತಿಳಿಯುತ್ತದೆ. ಹೆರಿಗೆಯ ನಂತರ ಕೆಲವರ ಪಾದ ಶಾಶ್ವತವಾಗಿ ಹಿಗ್ಗುತ್ತದೆ. ಮದುವೆಯ ಕಾಲದ ನಂಬರನ್ನೇ ಹಿಡಿದು ಕೂರಬೇಡಿ. ಸಣ್ಣ ಮಕ್ಕಳ ಕಾಲನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರು ಬರಿಗಾಲಲ್ಲಿ ನಡೆಯದಂತೆ ನೋಡಿಕೊಳ್ಳಿ. ತೊಡುವ ಮೊದಲು ಚಪ್ಪಲಿಯೊಳಗೆ ಕೈಯಾಡಿಸಿ ಕಲ್ಲು ಮುಳ್ಳು ಇದೆಯೇ ನೋಡಿ. ನಮಗೊಂದು ಅನುಕೂಲವಿದೆ: ದಿನಕ್ಕೆ ಐದು ಹೊತ್ತು ವುಝೂ ಮಾಡುವಾಗ ಪಾದ ತೊಳೆಯುತ್ತೇವೆ. ಆಗಲೇ ಬೆರಳುಗಳ ಸಂದು, ಅಂಗಾಲು, ಹಿಮ್ಮಡಿ ನೋಡಿ, ಸಂದುಗಳನ್ನು ಚೆನ್ನಾಗಿ ಒರೆಸಿಕೊಂಡರೆ ಗಾಯ ದೊಡ್ಡದಾಗುವ ಮೊದಲೇ ಕಣ್ಣಿಗೆ ಬೀಳುತ್ತದೆ. ಕಣ್ಣು ಮಂಜಾದ ಹಿರಿಯರಿದ್ದರೆ ಮನೆಯ ಮಕ್ಕಳಿಗೆ ಆ ಕೆಲಸ ಒಪ್ಪಿಸಿ. ನಮ್ಮ ಮನೆಯಲ್ಲಿ ಇಶಾ ನಮಾಝಿನ ಹೊತ್ತಿಗೆ ಅಮ್ಮಿಯ ಕಾಲು ನೋಡುವುದು ಒಂಬತ್ತು ವರ್ಷದ ಮೊಮ್ಮಗಳ ಜವಾಬ್ದಾರಿ. ಅವಳು ಒಂದು ದಿನವೂ ಮರೆತಿಲ್ಲ.